ನಾಲ್ಕು ಬೆರಳು ಕೆಂಪು

ಬೆನ್ನಿನ ದಿನಕ್ಕೆ ಇನ್ನು ಹದಿನಾಲ್ಕು ದಿನ ಇರುವಾಗ ನಾನು ಕೆಂಪು ಕೂದಲು ಹೊತ್ತುಕೊಂಡು ಬಸ್ಸಿನಿಂದ ಇಳಿದೆ. ಅತ್ತೆ ಕೊಟ್ರಮ್ಮ ನಿಲ್ದಾಣಕ್ಕೆ ಬಂದಿದ್ದರು. ಚೀಲ ತೆಗೆದುಕೊಳ್ಳಲು ಚಾಚಿದ ಅವರ ಕೈ ಅರ್ಧದಲ್ಲೇ ನಿಂತಿತು. ಅವರು ನನ್ನ ಮುಖ ನೋಡಲಿಲ್ಲ. ಆ ಊರಿನಲ್ಲಿ ಯಾರೂ ಮೊದಲು ಮುಖ ನೋಡುವುದಿಲ್ಲ, ತಲೆ ನೋಡುತ್ತಾರೆ. ಅತ್ತೆ ಚೀಲದೊಳಗೆ ಕೈ ಹಾಕಿ ಟವೆಲ್ ಹುಡುಕಿ ತೆಗೆದರು. ಆಗತಾನೆ ನೀರು ಹಾಕಿಕೊಂಡು ಬಂದವಳ ಹಾಗೆ ಅದನ್ನು ನನ್ನ ತಲೆಗೆ ಸುತ್ತಿದರು. ಅವರ ತಲೆಯ ಮೇಲಿನ ಸೆರಗು ಯಾವಾಗಲೂ ಇರುವಂತೆ ಹಣೆಯ ತನಕ ಇತ್ತು. "ನಡಿ," ಅಂದರು. ನಾನು ಹೂಂ ಅಂದೆ.

ಆ ಊರಿನಲ್ಲಿ ತೀರಿಕೊಂಡವರು ವರ್ಷಕ್ಕೊಮ್ಮೆ ಬರುತ್ತಾರೆ. ನೀರಿನ ಟ್ಯಾಂಕಿನ ನೆರಳು ಹಿಟ್ಟಿನ ಗಿರಣಿಯ ಗೋಡೆ ಮುಟ್ಟುವ ಹೊತ್ತಿಗೆ, ಅಂದರೆ ಮಧ್ಯಾಹ್ನ ಮೂರರ ಸುಮಾರಿಗೆ, ಕೆರೆಯ ಕಡೆಯಿಂದ ಬೀದಿಗೆ ಬರುತ್ತಾರೆ. ಅವರಿಗೆ ಮುಖ ನೆನಪಿರುವುದಿಲ್ಲ, ಹೆಸರೂ ನೆನಪಿರುವುದಿಲ್ಲ. ಕೂದಲು ಮಾತ್ರ ನೆನಪಿರುತ್ತದೆ. ಅದಕ್ಕೇ ಜನ ಅವತ್ತು ತಲೆ ತೊಳೆದು, ಕೂದಲು ಹರಡಿಕೊಂಡು, ಜಗಲಿಯ ಮೇಲೆ ಬೀದಿಗೆ ಬೆನ್ನು ಮಾಡಿ ಕೂರುತ್ತಾರೆ. ಬಂದವರು ತಮ್ಮವರ ಕೂದಲು ಗುರುತು ಹಿಡಿದು, ಒಂದು ಗಂಟು ಹಾಕಿ ಹೋಗುತ್ತಾರೆ. ಅಷ್ಟೇ. ಆ ಗಂಟನ್ನು ಯಾರೂ ಬಿಚ್ಚುವುದಿಲ್ಲ. ಬಾಚಣಿಗೆ ಅದನ್ನು ಸುತ್ತುಹಾಕಿ ಹೋಗುತ್ತದೆ. ಸ್ಕೂಲಿನ ಮೇಷ್ಟರಿಂದ ಹಿಡಿದು ಸೊಪ್ಪು ಮಾರುವವಳ ತನಕ ಎಲ್ಲರ ತಲೆಯಲ್ಲೂ ಒಂದೋ ಎರಡೋ ಗಂಟು ಕಾಣುತ್ತವೆ. ತಾನಾಗಿ ಬಿದ್ದುಹೋದಾಗ ಬೀಳುತ್ತವೆ.

ಕೂದಲು ಗುರುತು ಸಿಗದಿದ್ದರೆ ಬಂದವರು ಬೀದಿಯ ಕೊನೆಯ ತನಕ ನಡೆದು ಹೋಗುತ್ತಾರೆ. ಮುಂದಿನ ವರ್ಷ ಬರುವುದಿಲ್ಲ. ಪೆಟ್ಟಿಗೆ ಅಂಗಡಿಯ ತಿಪ್ಪೇಶ ಒಂದು ಸಲ ಹರಕೆ ಅಂತ ಬೆಟ್ಟಕ್ಕೆ ಹೋಗಿ ಬೋಳಿಸಿಕೊಂಡು ಬಂದ. ಬೆನ್ನಿನ ದಿನದ ಒಳಗೆ ಬೆಳೆಯುತ್ತದೆ ಎಂದು ಲೆಕ್ಕ ಹಾಕಿದ್ದ, ಬೆಳೆಯಲಿಲ್ಲ. ಅವನ ಅಪ್ಪ ಹಾದು ಹೋದರು. ಈಗ ತಿಪ್ಪೇಶನ ಕೂದಲು ಭುಜಕ್ಕೆ ಬಂದಿದೆ. ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಬಂದು ಕೂರುತ್ತಾನೆ, ಎಲ್ಲರಿಗಿಂತ ಕೊನೆಗೆ ಏಳುತ್ತಾನೆ. ನಿಧಾನಕ್ಕೆ ನರೆಯುವವರಿಗೆ, ಬೋಳಾಗುವವರಿಗೆ ಈ ಭಯವಿಲ್ಲ. ವರ್ಷವರ್ಷವೂ ನೋಡುತ್ತಾರಲ್ಲ, ಹೊಂದಿಕೊಳ್ಳುತ್ತಾರೆ. ಆದರೆ ಬಣ್ಣ ಹಚ್ಚಿದರೆ ಅವರಿಗೆ ಬಣ್ಣ ಮಾತ್ರ ಕಾಣುತ್ತದೆ, ಸುಣ್ಣ ಬಳಿದ ಗೋಡೆಯ ಹಾಗೆ. ಕೆಂಪಿನ ಮೇಲೆ ಕಪ್ಪು ಬಳಿದರೂ ಗೋಡೆ ಗೋಡೆಯೇ. ಆದ್ದರಿಂದ ಊರಿನ ಯಾವ ಅಂಗಡಿಯಲ್ಲೂ ಕೂದಲಿನ ಬಣ್ಣ ಸಿಗುವುದಿಲ್ಲ. ಕ್ಷೌರದಂಗಡಿಯ ನಿಂಗರಾಜ ಬೆನ್ನಿನ ದಿನದ ಹಿಂದಿನ ತಿಂಗಳು ಅಂಗಡಿಗೆ ಬೀಗ ಹಾಕಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾನೆ.

ಇದೆಲ್ಲ ನನಗೆ ಗೊತ್ತಿತ್ತು. ಮದುವೆಯಾಗಿ ಬಂದು ಎರಡು ವರ್ಷ ಆ ಜಗಲಿಯ ಮೇಲೆ ಕೂತವಳೇ ನಾನು. ಆಗ ನನಗಾಗಿ ಬರುವವರು ಯಾರೂ ಇರಲಿಲ್ಲ. ಪಕ್ಕದಲ್ಲಿ ಕೂತ ಮರುಳಸಿದ್ಧ, "ಹಿಂದೆ ತಿರುಗ್ಬೇಡ, ನಮ್ಮ ತಾತಂಗೆ ಸಿಟ್ಟು ಬರ್ತದೆ," ಅಂತ ಹೆದರಿಸುತ್ತಿದ್ದ.

ಮರುಳಸಿದ್ಧ ನನ್ನ ಗಂಡ. ಪಾರ್ಸೆಲ್ ಕಚೇರಿಯಲ್ಲಿ ಮೂಟೆ ಕಟ್ಟುವ ಕೆಲಸ ಅವನದು. ಎಡಗೈಯವನು. ಅವನು ಹಾಕಿದ ಗಂಟು ಲೋಕದ ಗಂಟುಗಳಿಗಿಂತ ಉಲ್ಟಾ ತಿರುಗುತ್ತಿತ್ತು, ಬಿಚ್ಚಲು ಅವನೇ ಬರಬೇಕಿತ್ತು. ಮನೆಯಲ್ಲಿ ಬೆಲ್ಲದ ಚೀಲಕ್ಕೂ ಅದೇ ಗಂಟು. ಪಾಯಸ ಮಾಡಬೇಕೆಂದಾಗ ಅತ್ತೆ ಹಲ್ಲಿನಲ್ಲಿ ಕಚ್ಚಿ ಎಳೆದು, ಆಮೇಲೆ ಕತ್ತರಿ ಹುಡುಕುತ್ತಾ ಅವನನ್ನು ಬಯ್ಯುವುದು ಬೀದಿಗೆಲ್ಲ ಕೇಳುತ್ತಿತ್ತು. ಹತ್ತು ತಿಂಗಳ ಹಿಂದೆ ಒಂದು ಬೆಳಿಗ್ಗೆ ಕಚೇರಿಯ ಮುಂದಿನ ಇಳಿಜಾರಿನಲ್ಲಿ ಲಾರಿ ಹಿಂದಕ್ಕೆ ಸರಿಯಿತು. ಅವನು ಹಿಂದೆ ನಿಂತು ಹಗ್ಗ ಬಿಗಿಯುತ್ತಿದ್ದ.

ಅವತ್ತು ಅವನು ಮನೆ ಬಿಡುವಾಗ ನಾನು ಕಿಟಕಿಯ ಕಡೆ ಮುಖ ಮಾಡಿ ಜಡೆ ಸುತ್ತಿಕೊಳ್ಳುತ್ತಿದ್ದೆ. ಹಲ್ಲಿನ ನಡುವೆ ಪಿನ್ನುಗಳಿದ್ದವು. "ಸಂಜೆ ಬೇಗ ಬರ್ತೀನಿ," ಅಂದ. ನಾನು ತಿರುಗದೆ ಹೂಂ ಅಂದೆ.

ಆಮೇಲೆ ಯಾರು ಏನು ಕೇಳಿದರೂ ಹೂಂ ಅನ್ನುವುದೇ ಸುಲಭವಾಯಿತು. ಊಟ ಮಾಡುತ್ತೀಯಾ ಅಂದರೆ ಹೂಂ. ಮಲಗುತ್ತೀಯಾ ಅಂದರೆ ಹೂಂ. ಹಸಿವು, ನಿದ್ದೆ ಎರಡೂ ಬೇರೆಯವರು ನೆನಪಿಸಿದಾಗ ಮಾಡುವ ಕೆಲಸಗಳಾದವು. ಏಳನೇ ತಿಂಗಳಿನಲ್ಲಿ ಅಕ್ಕ ಬಂದು, ನಮ್ಮ ಮನೆಗೆ ಬರುತ್ತೀಯಾ ಅಂದಳು. ಅದಕ್ಕೂ ಹೂಂ ಅಂದೆ. ಅಕ್ಕನ ಊರಿನಲ್ಲಿ ತೀರಿಕೊಂಡವರು ಬರುವುದಿಲ್ಲ, ಫೋಟೋದಲ್ಲಿ ಇರುತ್ತಾರೆ. ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಸ್ವಲ್ಪ ಗೆಲುವಾಗಿಸಬೇಕೆಂದು ಅವಳು ಪಾರ್ಲರಿಗೆ ಕರೆದುಕೊಂಡು ಹೋದಳು. ಅಲ್ಲಿನ ಹುಡುಗಿ ಒಂದು ಹಾಳೆಯಲ್ಲಿ ಹಲವು ಕೆಂಪುಗಳನ್ನು ತೋರಿಸಿ ಇದು ಇರಲಾ ಮೇಡಂ ಅಂದಳು. ನಾನು ಹೂಂ ಅಂದೆ. ತಲೆ ತೊಳೆದು ಕನ್ನಡಿ ಹಿಡಿದಾಗಲೂ ನನಗೆ ಏನೂ ಅನಿಸಲಿಲ್ಲ. ಅತ್ತೆಯ ಊರಿಗೆ ವಾಪಸು ಬರುವ ಬಸ್ಸಿನಲ್ಲಿ, ಕೆರೆ ಏರಿಯ ತಿರುವು ಬಂದಾಗ, ಮುಂದಿನ ಸೀಟಿನ ಹೆಂಗಸಿನ ತಲೆಯಲ್ಲಿ ಒಂದು ಹಳೇ ಗಂಟು ಕಂಡಿತು. ಆಗ ಗೊತ್ತಾಯಿತು ಏನು ಮಾಡಿದ್ದೇನೆಂದು.

ಮನೆಗೆ ಬಂದ ಮೇಲೂ ಅತ್ತೆ ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ಟವೆಲ್ ಬಿಚ್ಚಿ, ಒಂದು ಎಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಎಷ್ಟು ಸಲ ತೊಳೆದರೆ ಹೋಗುತ್ತದೆ ಎಂದು ಕೇಳಿದರು. ಬಣ್ಣ ಕೂದಲಿನ ಮೇಲೆ ಕೂತಿಲ್ಲ, ಒಳಗೆ ಹೋಗಿ ಕೂತಿದೆ, ಬರಿ ತೊಳೆದರೆ ಹೋಗುವುದಿಲ್ಲ ಎಂದು ನಾನು ಹೇಳಿದೆ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ರಸಾಯನಶಾಸ್ತ್ರ ಓದಿದ್ದಕ್ಕೆ ಅಷ್ಟು ಗೊತ್ತಿತ್ತು. "ಒಳಗೆ ಹೋಗಿದ್ದು ಹೊರಗೆ ಬರ್ಲೇಬೇಕಲ್ಲ," ಅಂದರು ಅತ್ತೆ. "ದಾರಿ ನೀನು ಹೇಳು. ತಿಕ್ಕೋದು ನಾನು ತಿಕ್ತೀನಿ."

ಟವೆಲ್ಲಿನ ಉಪಾಯ ಒಂದು ದಿನ ನಡೆಯಿತು. ಮಾರನೇ ಬೆಳಿಗ್ಗೆ ಪಕ್ಕದ ಮನೆಯ ಗಂಗಮಾಳಮ್ಮ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದರು. ಎಪ್ಪತ್ತು ದಾಟಿದವರು. ತಲೆಯಲ್ಲಿ ಆರು ಗಂಟುಗಳಿದ್ದವು, ಯಾವುದು ಯಾರದು ಎಂದು ಮುಟ್ಟಿ ಹೇಳುತ್ತಿದ್ದರು. ಮೂರು ತಿಂಗಳು ಕಾಣದ ಸೊಸೆ ಬಂದಿದ್ದಾಳೆ, ಬಂದವಳು ತಲೆ ಮುಚ್ಚಿಕೊಂಡಿದ್ದಾಳೆ ಎಂದರೆ ಅವರಿಗೆ ಸಾಕಾಗಿತ್ತು. ಟವೆಲ್ ಎತ್ತಿ ನೋಡಿ, "ಏನವ್ವ ವನಜಾಕ್ಷಿ, ತಲೆಗೆ ಬೆಂಕಿ ಬಿದ್ದಿತ್ತಾ?" ಅಂದರು. ಆಮೇಲೆ ನನ್ನ ಮುಖ ನೋಡಿ, ಮನೆಗೆ ಹೋಗಿ ಒಂದು ಸೇರು ಅಂಟುವಾಳದ ಕಾಯಿ ತಂದರು. ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿತ್ತು. ಯಾರೂ ನಗಲಿಲ್ಲ. ಆ ಊರಿನಲ್ಲಿ ಅದು ನಗುವ ವಿಷಯವಲ್ಲ. ಒಬ್ಬರು ದಾಸವಾಳದ ಎಲೆ ಕಳಿಸಿದರು, ಇನ್ನೊಬ್ಬರು ಹುಳಿ ಮೊಸರು. ಹುಣಸೆ ಕಟ್ಟಿಗೆಯ ಬೂದಿ ನೀರೇ ಸರಿ ಎಂದು ಒಬ್ಬಾಕೆ ಬಾಗಿಲಲ್ಲೇ ನಿಂತು ವಾದಿಸಿದಳು. ಔಷಧಿ ಅಂಗಡಿಯಾತ ಮಕ್ಕಳು ಚೀಪುವ ಕಿತ್ತಳೆ ಬಣ್ಣದ ಹುಳಿ ಮಾತ್ರೆಗಳನ್ನು ಪೊಟ್ಟಣ ಕಟ್ಟಿ ಕಳಿಸಿ, ಪುಡಿ ಮಾಡಿ ಕಲಸಿ ಹಚ್ಚಲು ಹೇಳಿದ. ತಿಪ್ಪೇಶ ಏನೂ ಕಳಿಸಲಿಲ್ಲ. ಬಂದು ಜಗಲಿಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು, "ಇನ್ನೂ ದಿನ ಇದಾವಲ್ಲ ಅಕ್ಕಾ," ಅಂದು ಎದ್ದು ಹೋದ.

ನಾನು ಕಿಟಕಿಯ ಕಟ್ಟೆಯ ಮೇಲೆ ಸ್ಟೀಲಿನ ಬಟ್ಟಲುಗಳನ್ನು ಸಾಲಾಗಿ ಇಟ್ಟೆ. ಒಂದೊಂದರಲ್ಲಿ ಒಂದೊಂದು ಮದ್ದು ಹಾಕಿ, ಬಾಚಣಿಗೆಗೆ ಬಂದ ಉದುರು ಕೂದಲನ್ನು ನಾಲ್ಕು ನಾಲ್ಕು ಎಳೆ ಅದ್ದಿಟ್ಟೆ. ತಲೆಗೆ ಹಚ್ಚುವ ಮುಂಚೆ ಯಾವುದು ಕೆಲಸ ಮಾಡುತ್ತದೆಂದು ನೋಡಬೇಕಿತ್ತು. ಹತ್ತು ತಿಂಗಳಲ್ಲಿ ಯಾರೂ ಹೇಳದೆ ನಾನು ಮಾಡಿದ ಮೊದಲ ಕೆಲಸ ಅದು. ನಿಂಬೆರಸ, ಅಡುಗೆ ಸೋಡಾ ಎರಡನ್ನೂ ಒಟ್ಟಿಗೆ ಹಾಕಿದ ಬಟ್ಟಲಿನಲ್ಲಿ ನೊರೆ ಬಂದದ್ದು ಬಿಟ್ಟರೆ ಏನೂ ಆಗಲಿಲ್ಲ, ಒಂದು ಇನ್ನೊಂದನ್ನು ಕೊಂದಿತ್ತು. ಜೇನುತುಪ್ಪಕ್ಕೆ ಇರುವೆ ಬಂದವು. ಬೂದಿ ನೀರು ಬಣ್ಣ ಬಿಡಿಸಿತು, ಆದರೆ ಕೂದಲು ಮುಟ್ಟಿದರೆ ತುಂಡಾಗುತ್ತಿತ್ತು. ಬೆಚ್ಚಗಿನ ಎಣ್ಣೆಯಲ್ಲಿ ಇಡೀ ದಿನ ಇದ್ದು, ಆಮೇಲೆ ಸೋಡಾ ಬೆರೆಸಿದ ಅಂಟುವಾಳದ ನೀರಿಗೆ ಹೋದ ನಾಲ್ಕು ಎಳೆ ಮಾತ್ರ ನೀರನ್ನು ಕೆಂಪು ಮಾಡಿದವು. ಹುಳಿ ಮಾತ್ರೆಯ ಪುಡಿ ಎರಡನೇ ಸ್ಥಾನಕ್ಕೆ ಬಂತು.

ಬಟ್ಟಲು ತೊಳೆಯುವಾಗ ಆ ಎಳೆಗಳನ್ನು ಚೆಲ್ಲಲು ಹೋದೆ. ಅತ್ತೆ ತಡೆದರು. ಉದುರಿದ ಕೂದಲನ್ನು ಅವರು ಯಾವತ್ತೂ ಎಸೆದವರಲ್ಲ. ಬಚ್ಚಲಮನೆಯಲ್ಲಿ ಹಂಡೆಯ ಹಿಂದೆ ಗೋಡೆಯಲ್ಲಿ ಒಂದು ತೂತಿದೆ, ಬಾಚಿದಾಗ ಬಂದದ್ದನ್ನು ಬೆರಳಿಗೆ ಸುತ್ತಿ ಅದರೊಳಗೆ ತುರುಕುತ್ತಾರೆ. ನಾನು ಬಂದ ಹೊಸದರಲ್ಲಿ ನನ್ನ ಬಾಚಣಿಗೆಯ ಕೂದಲನ್ನೂ ಕೇಳಿ ಇಸಕೊಂಡು ಅಲ್ಲೇ ಇಟ್ಟಿದ್ದರು. ಆದರೆ ಈ ಕೆಂಪು ಎಳೆಗಳನ್ನು ಆ ತೂತಿಗೆ ಹಾಕಲಿಲ್ಲ. ಕಾಗದದಲ್ಲಿ ಕಟ್ಟಿ ಬೇರೆ ಇಟ್ಟರು.

ಹೀಗೆ ಶುರುವಾಯಿತು. ಬೆಳಿಗ್ಗೆ ಬೆಚ್ಚಗಿನ ಕೊಬ್ಬರಿ ಎಣ್ಣೆ ಬುಡದಿಂದ ತುದಿಯ ತನಕ ಹಚ್ಚಿ ಬಾಳೆ ಎಲೆ ಸುತ್ತಿ ಬಟ್ಟೆ ಕಟ್ಟುವುದು. ಮಧ್ಯಾಹ್ನ ಅಂಟುವಾಳದಲ್ಲಿ ತಿಕ್ಕುವುದು. ಸಂಜೆ ಮೊಸರು, ಕಡಲೆಹಿಟ್ಟು, ಇಲ್ಲದಿದ್ದರೆ ಸೋಡಾಕ್ಕೆ ಕೂದಲು ತೆಂಗಿನ ನಾರಾಗುತ್ತಿತ್ತು. ಒಂದು ದಿನ ಬಿಟ್ಟು ಒಂದು ದಿನ ಮಾತ್ರೆಯ ಪುಡಿ. ಅತ್ತೆ ಮಣೆಯ ಮೇಲೆ ಕೂತು ನನ್ನ ತಲೆಯನ್ನು ಮೊಣಕಾಲಿನ ನಡುವೆ ಇಟ್ಟುಕೊಂಡು ತಿಕ್ಕುತ್ತಿದ್ದರು. ಅವರ ಬೆರಳುಗಳಿಗೆ ಕರುಣೆ ಇರಲಿಲ್ಲ. ಬಚ್ಚಲ ನೀರು ಮೊದಲ ದಿನ ದಾಳಿಂಬೆಯ ಬಣ್ಣದಲ್ಲಿ ಹರಿಯಿತು. ನಾಲ್ಕನೇ ದಿನ ಚಹಾದ ಬಣ್ಣ. ಏಳನೇ ದಿನ ಅಕ್ಕಿ ತೊಳೆದ ನೀರಿನ ಹಾಗಿತ್ತು. ಅತ್ತೆ ಪ್ರತಿ ಸಲ ಬಗ್ಗಿ ನೀರು ನೋಡಿ, ಆಮೇಲೆ ನನ್ನ ತಲೆ ನೋಡಿ, ಮತ್ತೆ ಚೊಂಬು ಎತ್ತುತ್ತಿದ್ದರು. ನನಗೆ ಮೊದಮೊದಲು ಬರೀ ತಂಪು, ಬಿಸಿ ಗೊತ್ತಾಗುತ್ತಿತ್ತು. ಐದನೇ ದಿನವೋ ಆರನೇ ದಿನವೋ ನೋವು ಗೊತ್ತಾಯಿತು. "ಅತ್ತೆ, ಮೆಲ್ಲಗೆ," ಅಂದೆ. ಅವರ ಕೈ ಒಂದು ಕ್ಷಣ ನಿಂತಿತು. "ಹಾಂ, ಉರೀತದಾ? ಉರೀಲಿ," ಅಂದರು. ಅವರಿಗೆ ಸಂತೋಷವಾಗಿತ್ತು ಎಂದು ದನಿಯಲ್ಲಿ ತಿಳಿಯಿತು.

ಒಂಬತ್ತನೇ ದಿನಕ್ಕೆ ಬುಡದಿಂದ ಸೊಂಟದ ಸ್ವಲ್ಪ ಮೇಲಿನ ತನಕ ಕೂದಲು ಕಪ್ಪು ಅನ್ನಬಹುದಾದ ಬಣ್ಣಕ್ಕೆ ಬಂದಿತ್ತು. ಬಿಸಿಲಿಗೆ ಹಿಡಿದರೆ ಮಾತ್ರ ಒಳಗೆ ಸ್ವಲ್ಪ ಕಂದು. ಪಾರ್ಲರಿನ ಹುಡುಗಿ ಬ್ಲೀಚ್ ಮಾಡದೆ ಬಣ್ಣ ಹಚ್ಚಿದ್ದು ನನ್ನ ಅದೃಷ್ಟ. ತುದಿ ಮಾತ್ರ ಬಿಡಲಿಲ್ಲ. ಹಳೇ ಕೂದಲು, ಬಹಳ ಕುಡಿದಿತ್ತು. ನಾಲ್ಕು ಬೆರಳಿನಷ್ಟು ಉದ್ದ ತಾಮ್ರದ ತಂತಿಯ ಹಾಗೆ ಉಳಿದೇ ಉಳಿಯಿತು. ಗಂಗಮಾಳಮ್ಮ ನಿಂಗರಾಜನನ್ನು ಹಿತ್ತಿಲಿನಿಂದ ಕರೆಸಿದರು. ಅವನು ಕತ್ತರಿ ತಂದಿದ್ದ, ಆದರೆ ಜೇಬಿನಿಂದ ತೆಗೆಯಲು ಹೆದರುತ್ತಿದ್ದ. ಕತ್ತರಿಸಿಬಿಟ್ಟರೆ ಕೆಂಪೇನೋ ಹೋಗುತ್ತದೆ, ಆದರೆ ಮರುಳಸಿದ್ಧನಿಗೆ ಗೊತ್ತಿರುವುದು ಸೊಂಟ ಮುಟ್ಟುವ ಕೂದಲು, ನಾಲ್ಕು ಬೆರಳು ಕಡಿಮೆಯಾದದ್ದು ಗೊತ್ತಾಗದೆ ಇರುತ್ತದೆಯೇ ಎಂದು ಅವನೇ ಕೇಳಿದ. ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ ಗಂಗಮಾಳಮ್ಮ, ಕತ್ತರಿ ಬೇಡ, ಇನ್ನೆರಡು ದಿನ ತಿಕ್ಕಿ ನೋಡಿ, ಉಳಿದದ್ದು ಉಳಿಯಲಿ ಅಂದರು. ನಿಂಗರಾಜ ಉಸಿರು ಬಿಟ್ಟು ಎದ್ದ. ಹೋಗುವಾಗ ನಮ್ಮ ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕಿ ಹೋದ.

ಹತ್ತನೇ ದಿನ ತಲೆ ತೊಳೆಯುತ್ತಿದ್ದೆವು. ಅತ್ತೆ ಹಂಡೆಯಿಂದ ಬಿಸಿನೀರು ತೋಡಲು ಬಗ್ಗಿದರು. ಹಂಡೆಯ ಕಿವಿಗೆ ಸೆರಗು ಸಿಕ್ಕಿತು. ಅವರು ಮೇಲೆದ್ದರು, ಸೆರಗು ಅಲ್ಲೇ ಉಳಿಯಿತು.

ನಾನು ಕಣ್ಣಿಗೆ ಬಂದ ನೊರೆ ಒರೆಸಿಕೊಂಡು ನೋಡಿದೆ. ಅವರ ತಲೆ ಪೂರ್ತಿ ಬೆಳ್ಳಗಿತ್ತು. ಒಂದೂ ಕಪ್ಪು ಎಳೆ ಇರಲಿಲ್ಲ. ಐವತ್ತೆರಡು ವರ್ಷಕ್ಕೂ ಊರಿನ ಹೆಂಗಸರು ಹೊಟ್ಟೆಕಿಚ್ಚು ಪಡುವಷ್ಟು ಕಪ್ಪು ಕೂದಲು ಅವರದು. ನಮ್ಮವ್ವನ ತಲೇಲಿ ಕಾಗೆ ಕೂತ್ರೂ ಕಾಣಲ್ಲ ಅಂತ ಮರುಳಸಿದ್ಧ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದ. ಅತ್ತೆ ಸೆರಗು ಬಿಡಿಸಿಕೊಂಡು ಹೊದೆಯಲು ಹೋದರು. ನಾನು ಅವರ ಕೈ ಹಿಡಿದೆ. ಯಾವಾಗ ಆಯಿತು ಎಂದು ಕೇಳಿದೆ.

"ಅವನು ಹೋಗಿ ಮೂರನೇ ತಿಂಗ್ಳಿಗೆಲ್ಲ ಆಗೋಯ್ತು."

ಆಗ ನಾನು ಇಲ್ಲೇ ಇದ್ದೆನಲ್ಲ ಅಂದೆ.

"ಇದ್ದೆ. ನಿನಗೆ ನೀನೇ ಕಾಣ್ತಿರ್ಲಿಲ್ಲ, ನಾನೆಲ್ಲಿ ಕಾಣ್ತೀನಿ." ಅದರಲ್ಲಿ ದೂರು ಇರಲಿಲ್ಲ. ಚೊಂಬಿನ ನೀರು ತಣ್ಣಗಾಗುತ್ತಿದೆಯೋ ಎಂದು ಬೆರಳಿಟ್ಟು ನೋಡಿದರು. "ನನ್ನ ಗುರ್ತು ಅವ್ನಿಗೆ ಸಿಗಲ್ಲ ವನಜ. ಅದು ಮುಗೀತು. ನೀನು ಕರ್ರಗಿದ್ರೆ ಮನೆ ಮುಂದೆ ನಿಲ್ತಾನೆ. ನಿಂತ್ರೆ ಸಾಕು. ನಾನು ಬಾಗ್ಲ ಹಿಂದೆ ಇರ್ತೀನಿ."

ಅವರು ಮತ್ತೆ ನನ್ನ ತಲೆ ಬಗ್ಗಿಸಿ ನೀರು ಹೊಯ್ದರು. ಹತ್ತು ದಿನ ಮೂರು ಹೊತ್ತು ಆ ಬೆರಳುಗಳು ತಿಕ್ಕಿದ್ದು ಏತಕ್ಕೆ ಎಂದು ನನಗೆ ಆಗ ಗೊತ್ತಾಯಿತು. ನನ್ನ ತಪ್ಪು ತೊಳೆಯುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ಮಗನಿಗೆ ಮನೆಯ ಗುರುತು ಉಳಿಸುತ್ತಿದ್ದರು. ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವರಿಗೂ ಮದ್ದು ಬರುತ್ತಿತ್ತು, ಆದರೆ ಬಿಳಿಗೆ ಮದ್ದಿಲ್ಲ. ಬಣ್ಣ ಹಚ್ಚಿದರೆ ಗೋಡೆ.

ನೀರು ಮುಖದ ಮೇಲೆ ಇಳಿಯುತ್ತಿತ್ತು. ನನ್ನ ಕಣ್ಣ ಮಟ್ಟಕ್ಕೆ ಸರಿಯಾಗಿ ಹಂಡೆಯ ಹಿಂದಿನ ಗೋಡೆ ಇತ್ತು, ಗೋಡೆಯಲ್ಲಿ ಆ ತೂತು. ಒದ್ದೆ ಕೈಯನ್ನೇ ಅದರೊಳಗೆ ಹಾಕಿದೆ. ಅತ್ತೆ ಏನು ಮಾಡ್ತೀ ಅಂದರು. ಮೊದಲು ಒಂದು ಸುರುಳಿ ಬಂತು, ಅದಕ್ಕೆ ಅಂಟಿಕೊಂಡು ಇನ್ನೊಂದು. ಎಳೆಯುತ್ತಾ ಹೋದೆ. ತೆಂಗಿನಕಾಯಿಯಷ್ಟು ದೊಡ್ಡ ಉಂಡೆಯಾಯಿತು. ಪೂರ್ತಿ ಕಪ್ಪು. ಮಗ ಹೋದ ಮೇಲೆ ಅವರು ಅದರೊಳಗೆ ಒಂದು ಎಳೆಯನ್ನೂ ಹಾಕಿರಲಿಲ್ಲ. ಬಿಳಿ ಬೆರೆಯಬಾರದೆಂದು, ಆಮೇಲೆ ನನ್ನ ಕೆಂಪು ಬೆರೆಯಬಾರದೆಂದು.

"ಇದು ನಿಮ್ಮ ಕೂದಲೇ ಅಲ್ವಾ ಅತ್ತೆ," ಅಂದೆ. "ಬಣ್ಣ ಅಲ್ಲ. ಅವನು ನೋಡಿದ್ದೇ ಇದನ್ನ. ಚೌರಿ ಮಾಡಿ ನಿಮ್ಮ ಮುಡಿಗೆ ಸೇರಿಸೋಣ."

ಅತ್ತೆ ಮಣೆಯ ಮೇಲೆ ಕೂತರು. ಉಂಡೆಯನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಎಳೆ ಬಿಡಿಸಿ ನೋಡಿದರು. ನನ್ನ ತಲೆಯ ನೊರೆ ಒಣಗಿ ಹಣೆ ಬಿಗಿಯಿತು. ಆಮೇಲೆ ಅವರು, ಇದರಲ್ಲಿ ನಿಂದೂ ಇದೆ, ಬಿಡಿಸೋಕಾಗಲ್ಲ ಅಂದರು. ಇರಲಿ ಅಂದೆ.

ಗಂಗಮಾಳಮ್ಮನನ್ನು ಕೇಳದೆ ಮಾಡುವ ಹಾಗಿರಲಿಲ್ಲ. ಅವರು ಬಂದು ಕೊಟ್ರಮ್ಮನ ಬಿಳಿ ತಲೆ ನೋಡಿ ಎರಡೂ ಕೈ ಬಾಯಿಗೆ ಇಟ್ಟುಕೊಂಡರು. ನಮ್ಮ ಉಪಾಯ ಕೇಳಿ ಕಣ್ಣು ಮುಚ್ಚಿ ಕೂತರು. ಸತ್ತ ಕೂದಲು ಅದು, ಬೇರು ಬಿಟ್ಟದ್ದು, ಅದನ್ನು ಅವರು ನೋಡುತ್ತಾರೋ ಇಲ್ಲವೋ ತನಗೆ ಗೊತ್ತಿಲ್ಲ, ಯಾರೂ ಮಾಡಿದವರಿಲ್ಲ ಎಂದರು. ಆಮೇಲೆ ಕಣ್ಣು ಬಿಟ್ಟು, "ಮಾಡಬಾರ್ದು ಅಂತ ಹೇಳ್ದೋರೂ ಇಲ್ಲ. ಬರೋರೇನು ಬದುಕಿರೋರಾ?" ಅಂದರು. ಆ ಸಂಜೆ ಮೂರು ಜನರೂ ಕೂತು ಉಂಡೆಯನ್ನು ಅಂಟುವಾಳದಲ್ಲಿ ನೆನೆಸಿ, ಸಿಕ್ಕು ಬಿಡಿಸಿ, ಎಳೆ ಜೋಡಿಸಿದೆವು. ನಡುವೆ ಅತ್ತೆ ಒಂದು ಎಳೆ ಹಿಡಿದು ಇದು ನಿಂದು, ಇದು ನಂದು ಅನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಹೇಳುವುದು ಬಿಟ್ಟರು. ಮಾರನೇ ದಿನ ದಾರ ಹಾಕಿ ಬುಡ ಕಟ್ಟಿದಾಗ ಮೊಳದುದ್ದದ ಚೌರಿಯಾಯಿತು.

ಬೆನ್ನಿನ ದಿನ ಬೆಳಿಗ್ಗೆಯೇ ಗಿರಣಿ ನಿಂತಿತು. ಬಸ್ಸುಗಳು ಊರೊಳಗೆ ಬರದೆ ಕೆರೆ ಏರಿಯ ಮೇಲಿಂದಲೇ ಹೋದವು. ಬೀದಿಗೆ ನೀರು ಚಿಮುಕಿಸಿದ್ದರು. ಎರಡೂ ಬದಿ ಜಗಲಿಗಳ ಮೇಲೆ ಜನ ತಮ್ಮ ತಮ್ಮ ಮನೆಗಳ ಕಡೆ ಮುಖ ಮಾಡಿ ಕೂತರು. ಎದುರು ಸಾಲಿನಲ್ಲಿ ತಿಪ್ಪೇಶ ಆಗಲೇ ಕೂತಿದ್ದ, ಎಣ್ಣೆ ಹಾಕದ ಕೂದಲು ಭುಜದ ಮೇಲೆ ಹರಡಿತ್ತು. ನಾನು ಅತ್ತೆಯ ಬಿಳಿ ಕೂದಲನ್ನು ಬಿಗಿಯಾಗಿ ಸುತ್ತಿ, ಬುಡಕ್ಕೆ ಚೌರಿ ಸಿಕ್ಕಿಸಿ, ಎಂಟು ಪಿನ್ನು ಹಾಕಿದೆ. ಒಂದೊಂದು ಪಿನ್ನನ್ನೂ ಕೈಯಿಂದಲೇ ತೆಗೆದುಕೊಂಡೆ, ಹಲ್ಲಿನಲ್ಲಿ ಇಟ್ಟುಕೊಳ್ಳಲಿಲ್ಲ. ಮೇಲೆ ಸೆರಗು ಹೊದಿಸಿದೆ. ಸೆರಗಿನ ಕೆಳಗೆ ಇಳಿದದ್ದು ಕಪ್ಪು ಮಾತ್ರ. ನಮ್ಮ ಜಗಲಿ ಚಿಕ್ಕದು. ಇಬ್ಬರೂ ಭುಜಕ್ಕೆ ಭುಜ ತಾಗಿಸಿ, ಬಾಗಿಲ ಕಡೆ ತಿರುಗಿ ಕೂತೆವು. ನನ್ನ ಕೂದಲು ಸೊಂಟದ ತನಕ ಹರಡಿತ್ತು. ತುದಿಯ ನಾಲ್ಕು ಬೆರಳು ಕೆಂಪನ್ನು ಮಡಿಸಿ ಕೆಳಗೆ ಸೇರಿಸಲು ನೋಡಿದೆ. ನಿಲ್ಲಲಿಲ್ಲ, ಬಿಟ್ಟೆ.

ನೆರಳು ಗಿರಣಿಯ ಗೋಡೆ ಮುಟ್ಟಿದ್ದು ನಮಗೆ ಕಾಣುವುದಿಲ್ಲ. ಬೀದಿ ತಣ್ಣಗಾದದ್ದು ಗೊತ್ತಾಯಿತು. ಒದ್ದೆ ಮಣ್ಣಿನ ವಾಸನೆಯ ಜೊತೆ ಕೆರೆಯ ವಾಸನೆ ಬಂತು. ದೂರದ ಮನೆಯಲ್ಲಿ ಯಾರೋ ಸಣ್ಣಗೆ ನಕ್ಕರು. ಗಂಗಮಾಳಮ್ಮನ ಜಗಲಿಯಿಂದ, "ಬಂದ್ರಾ, ಕಾಲು ತೊಳ್ಕೊಂಡ್ರಾ," ಎಂದು ಮೆಲ್ಲಗೆ ಕೇಳುವುದು ಕೇಳಿಸಿತು. ಅವರ ಯಜಮಾನರು ಯಾವಾಗಲೂ ಮೊದಲು ಬರುವವರಂತೆ. ಅತ್ತೆ ನನ್ನ ಕೈ ಹಿಡಿದಿರಲಿಲ್ಲ. ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಬಾಗಿಲ ಚಿಲಕವನ್ನೇ ನೋಡುತ್ತಿದ್ದರು.

ಬಹಳ ಹೊತ್ತಾಯಿತು. ಒಂದು ಸಲ ಬೆನ್ನಿನ ಹಿಂದೆ ಏನೋ ತಂಪಾಗಿ ನಿಂತ ಹಾಗಾಯಿತು. ಆಮೇಲೆ ಮುಂದೆ ಹೋದ ಹಾಗಾಯಿತು. ನಾನು ಮನಸ್ಸಿನಲ್ಲೇ, ಅವತ್ತು ನಾನು ತಿರುಗಬೇಕಿತ್ತು, ಹಲ್ಲಿನಿಂದ ಪಿನ್ನು ತೆಗೆದು ಬೇಗ ಬಾ ಅನ್ನಬೇಕಿತ್ತು ಅಂದುಕೊಂಡೆ. ಈಗಲೂ ತಿರುಗುವ ಹಾಗಿರಲಿಲ್ಲ. ಬೀದಿಯ ಕೊನೆಯಿಂದ ಮರಳಿದಂತೆ ತಂಪು ಮತ್ತೆ ಬಂತು. ನನ್ನ ಕೂದಲಿನ ತುದಿ ಒಂದಿಷ್ಟು ಎತ್ತಿದ ಹಾಗೆ ಹಗುರವಾಯಿತು. ಆಮೇಲೆ ಒಂದು ಜಗ್ಗು. ಮೂಟೆಯ ಹಗ್ಗವನ್ನು ಕೊನೆಯಲ್ಲಿ ಬಿಗಿಯುತ್ತಾರಲ್ಲ, ಹಾಗೆ.

ಅದೇ ಕ್ಷಣಕ್ಕೆ ಅತ್ತೆಯ ತಲೆಯೂ ಹಿಂದಕ್ಕೆ ಜಗ್ಗಿತು.

ಗಿರಣಿಯವರು ಕಬ್ಬಿಣದ ತಟ್ಟೆ ಬಾರಿಸಿದ ಮೇಲೆ ಏಳಬಹುದು ಎಂದು ಲೆಕ್ಕ. ತಟ್ಟೆಯ ಸದ್ದು ಕೇಳಿತು. ನಾನು ಏಳಲು ಹೋದೆ, ತಲೆ ಹಿಡಿದು ಎಳೆದಂತಾಗಿ ಮತ್ತೆ ಕೂತೆ. ಅತ್ತೆ, "ಅಯ್ಯೋ, ಪಿನ್ನು," ಅಂದರು. ನಾನು ಕೈ ಹಿಂದೆ ಹಾಕಿ ತಡವಿದೆ. ನನ್ನ ಕೂದಲಿನ ತುದಿ, ಆ ನಾಲ್ಕು ಬೆರಳು ಕೆಂಪು, ಅತ್ತೆಯ ಚೌರಿಯ ತುದಿಗೆ ಸೇರಿ ಒಂದೇ ಗಂಟಾಗಿತ್ತು. ಅಡಿಕೆಯಷ್ಟು ದಪ್ಪ. ಅತ್ತೆಯ ಕೈಯೂ ಬಂತು. ಅವರ ಬೆರಳು ಗಂಟಿನ ಸುತ್ತು ಹಿಡಿದು ಒಂದು ಸುತ್ತು ಹೋಯಿತು, ಎರಡು ಸುತ್ತು ಹೋಯಿತು.

"ಉಲ್ಟಾ ತಿರುಗೈತೆ," ಅಂದರು.

ಆಮೇಲೆ ಅವರು ಬಯ್ಯತೊಡಗಿದರು. ಹತ್ತು ತಿಂಗಳಲ್ಲಿ ನಾನು ಕೇಳದಿದ್ದ ದನಿ. ಇವನಿಗೆ ಬುದ್ಧಿ ಯಾವತ್ತು ಬಂದೀತು, ಇಬ್ಬರಿಗೆ ಎರಡು ಗಂಟು ಹಾಕಲು ಏನು ಕಷ್ಟವಾಗಿತ್ತು, ಬೆಲ್ಲದ ಚೀಲ ಅಂದುಕೊಂಡನಾ, ಈಗ ಬಿಚ್ಚಲು ಯಾರು ಬರಬೇಕು ಎಂದು ಬೀದಿಗೆಲ್ಲ ಕೇಳುವಂತೆ ಬಯ್ದರು. ಗಂಗಮಾಳಮ್ಮ ಎದ್ದು ಬಂದು ಗಂಟನ್ನು ನೋಡಿ ಜಗಲಿಯ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ತಿಪ್ಪೇಶ ತನ್ನ ಜಾಗದಿಂದಲೇ ಕತ್ತು ಚಾಚಿ ಏನಾಯ್ತಕ್ಕಾ ಎಂದು ಕೇಳಿದ. ಬಂದಿದ್ದ ಅಂದೆ. ಅವನು ತಲೆ ಆಡಿಸಿ ಮತ್ತೆ ತನ್ನ ಬಾಗಿಲ ಕಡೆ ತಿರುಗಿ ಕೂತ.

ನಾವು ಒಟ್ಟಿಗೆ ಏಳಲು ಮೂರು ಸಲ ನೋಡಬೇಕಾಯಿತು. ಬಾಗಿಲು ಕಿರಿದು, ಇಬ್ಬರೂ ಒಮ್ಮೆಗೇ ನುಗ್ಗಿ ಸಿಕ್ಕಿಕೊಂಡೆವು. ಹಿಂದೆ ಸರಿದು ಅಡ್ಡಡ್ಡವಾಗಿ ಒಬ್ಬರ ಹಿಂದೆ ಒಬ್ಬರು ಒಳಗೆ ಹೋದೆವು. ಅತ್ತೆಯ ಸೆರಗು ಜಾರಿತ್ತು. ಬಿಳಿ ತಲೆಯ ಹಿಂದೆ ಕಪ್ಪು ಚೌರಿ, ಅದರ ತುದಿಗೆ ನನ್ನ ಕೆಂಪು. ಅವರು ಸೆರಗು ಎಳೆದುಕೊಳ್ಳಲಿಲ್ಲ. ಅವರು ಮನಸ್ಸು ಮಾಡಿದ್ದರೆ ಎಂಟು ಪಿನ್ನು ಕಿತ್ತು ಚೌರಿಯನ್ನು ನನ್ನ ಬೆನ್ನಿಗೆ ಬಿಡಬಹುದಿತ್ತು. ಕೈ ಪಿನ್ನಿನ ತನಕ ಹೋಗಿ ವಾಪಸು ಬಂತು.

"ಹಿಂಗೇ ಇರಾನಾ ವನಜ, ಇವತ್ತೊಂದು ದಿನ?" ಎಂದು ಕೇಳಿದರು.

ಹೂಂ ನಾಲಿಗೆಯ ತುದಿಗೆ ಬಂದಿತ್ತು. ನಾನು ಎಷ್ಟು ಸಾಧ್ಯವೋ ಅಷ್ಟು ಅವರ ಕಡೆ ತಿರುಗಿದೆ.

"ಇರೋಣ ಅತ್ತೆ," ಅಂದೆ. "ಆದ್ರೆ ಮೊದ್ಲು ಒಲೆ ಹತ್ರ ಹೋಗೋಣ ನಡೀರಿ. ನನಗೆ ಹಸಿವಾಗ್ತಿದೆ."